ಕೇರ್‌ಟೇಕರ್ ಕೆಲಸ ಕೊಡಿಸುವ ಏಜೆನ್ಸಿ: ಕೆಲಸಕ್ಕೆ ಹೋದವಳ ರಿವ್ಯೂ

ಈ ಏಜೆನ್ಸಿ ಬಗ್ಗೆ ಗೂಗಲ್‌ನಲ್ಲಿ ಬೇಕಾದಷ್ಟು ರಿವ್ಯೂ ಇವೆ. ಎಲ್ಲವೂ ಪೇಷೆಂಟ್ ಮನೆಯವರು ಬರೆದದ್ದು. ಹುಡುಗಿ ಒಳ್ಳೆಯವಳು, ಟೈಮಿಗೆ ಸರಿಯಾಗಿ ಬರ್ತಾಳೆ ಅಂತ ಒಬ್ಬರು. ಯಾವಾಗ ನೋಡಿದರೂ ಫೋನ್ ಹಿಡ್ಕೊಂಡೇ ಇರ್ತಾಳೆ ಅಂತ ಇನ್ನೊಬ್ಬರು. ಆ ಹುಡುಗಿಯರು ಬರೆದದ್ದು ಒಂದೂ ಕಾಣಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನನಗೆ 42. ಹುಡುಗಿ ಅನ್ನಿಸಿಕೊಳ್ಳುವ ವಯಸ್ಸಲ್ಲ, ಆದರೆ ಈ ಲೈನಿನಲ್ಲಿ ಅಜ್ಜಿಯಾದವರೂ ಹುಡುಗಿಯರೇ. ಏಜೆನ್ಸಿ ಹೆಸರು ಹಾಕುವುದಿಲ್ಲ. ಇನ್ನೂ ಅವರ ಕಡೆಯಿಂದಲೇ ಡ್ಯೂಟಿಗೆ ಹೋಗ್ತಿದ್ದೇನೆ.

ನಮ್ಮೂರು ನಾಗಮಂಗಲದ ಕಡೆ. ಈಗ ಇರುವುದು ಬೆಂಗಳೂರಿನ ಲಗ್ಗೆರೆಯಲ್ಲಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ 11 ವರ್ಷ ಟೈಲರ್ ಆಗಿದ್ದೆ, ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದಾಗ ಕೆಲಸ ಬಿಟ್ಟೆ. ಎರಡು ವರ್ಷ ನೋಡಿಕೊಂಡೆ. ಅವರು ತೀರಿಕೊಂಡ ಮೇಲೆ ಹಳೇ ಫ್ಯಾಕ್ಟರಿ ಗೇಟಿಗೆ ಹೋದರೆ, ವಯಸ್ಸಾಯ್ತು, ಪ್ರೊಡಕ್ಷನ್ ಬರಲ್ಲ ಅಂದರು. ಪಕ್ಕದ ಬೀದಿಯಲ್ಲಿ ಆಯಾ ಕೆಲಸಕ್ಕೆ ಹೋಗುವವಳೊಬ್ಬಳಿದ್ದಳು. "ಅತ್ತೆಗೆ ಮಾಡಿದ್ದನ್ನೇ ಇನ್ನೊಬ್ರಿಗೆ ಮಾಡಕ್ಕ, ದುಡ್ಡಾದ್ರೂ ಬರುತ್ತೆ" ಅಂದಳು.

ಮೊದಲು ಹೋಗಿದ್ದು ಈ ಏಜೆನ್ಸಿಗಲ್ಲ. ಕರೆಂಟ್ ಕಂಬಕ್ಕೆ ಅಂಟಿಸಿದ್ದ ಚೀಟಿ ನೋಡಿ ಒಂದು ಬ್ಯೂರೋಗೆ ಹೋದೆ. ಅಂಗಡಿ ಮೇಲಿನ ಒಂದು ರೂಮು, ಒಂದು ಟೇಬಲ್, ಅದರ ಮೇಲೆ ಮೂರು ಮೊಬೈಲು. ರಿಜಿಸ್ಟ್ರೇಷನ್ ಅಂತ 1,500 ರೂಪಾಯಿ ಕಟ್ಟಿಸಿಕೊಂಡರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒರಿಜಿನಲ್ಲೇ ಬೇಕು ಅಂತ ಇಟ್ಟುಕೊಂಡರು. ನಿನಗೆ ಏನು ಬರುತ್ತೆ ಅಂತ ಒಂದು ಮಾತು ಕೇಳಲಿಲ್ಲ. "ನಾಳೆನೇ ಡ್ಯೂಟಿ" ಅಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಹೋದ ಮನೆಯಲ್ಲಿ ತಾತನಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್. ನಾನು ಅದನ್ನು ಕಣ್ಣಲ್ಲೂ ನೋಡಿರಲಿಲ್ಲ. ಬಾತ್‌ರೂಮಿಗೆ ಹೋಗಿ ಬ್ಯೂರೋಗೆ ಫೋನ್ ಮಾಡಿದೆ. "ಸಿರಿಂಜಲ್ಲಿ ಗಂಜಿ ಬಿಡೋದಮ್ಮ, ಅಷ್ಟೇ" ಅಂದ ಅವನು. ಆ ಟ್ಯೂಬ್ ಜಾಗ ಬಿಟ್ಟಿದ್ದರೆ ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತೆ ಅಂತ ಗೊತ್ತಾಗಿದ್ದು ಆಮೇಲೆ. ನನ್ನ ಕೈ ನಡುಗುತ್ತಿದ್ದದ್ದು ನೋಡಿ ಆ ಮನೆ ಮಗಳೇ "ನಿಮಗಿದು ಬರಲ್ಲ ಅಲ್ವಾ?" ಅಂದಳು. ಇಲ್ಲ ಅಂದೆ. ಬೈಯಲಿಲ್ಲ, ಕಾಫಿ ಕೊಟ್ಟು ಕಳಿಸಿದಳು. ಮಾರ್ಕ್ಸ್ ಕಾರ್ಡ್ ವಾಪಸ್ ಪಡೆಯೋಕೆ ನಾಲ್ಕು ಸಲ ಅಲೆದೆ. ಹೆಂಗಸರಿಗೆ ಬಸ್ ಫ್ರೀ ಇದ್ದಿದ್ದಕ್ಕೆ ಚಾರ್ಜು ಉಳಿಯಿತು. 1,500 ಮಾತ್ರ ಬರಲಿಲ್ಲ.

ಈಗಿನ ಏಜೆನ್ಸಿಗೆ ಬರೋಣ. ಫೋನ್ ಮಾಡಿದೆ, ವಾಟ್ಸ್‌ಆ್ಯಪ್‌ಗೆ ಒಂದು ಫಾರ್ಮ್ ಬಂತು. ಕನ್ನಡದಲ್ಲೇ ಇತ್ತು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೋ, ಗೊತ್ತಿರುವ ಇಬ್ಬರ ಫೋನ್ ನಂಬರ್. ಎಲ್ಲ ಜೆರಾಕ್ಸ್ ಸಾಕು ಅಂದರು. ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಟ್ಟರು. ಫೀಸ್ ಇಲ್ಲ. ಪೊಲೀಸ್ ವೆರಿಫಿಕೇಷನ್‌ಗೆ ಸೈಬರ್ ಅಂಗಡಿಯಲ್ಲಿ ಸೇವಾ ಸಿಂಧು ಮೂಲಕ ಅರ್ಜಿ ಹಾಕಿಸಿದೆ. ಅದು ಬರುವವರೆಗೆ ಡ್ಯೂಟಿ ಕೊಡಲಿಲ್ಲ, ಸುಮ್ನೆ ಕಾದೆ. ಕೈ ಖಾಲಿ ಇರುವಾಗ ಕಾಯುವುದು ಕಷ್ಟ. ಇದನ್ನು ಮೊದಲೇ ಗೊತ್ತುಮಾಡಿಕೊಂಡು ಅರ್ಜಿ ಹಾಕಿಟ್ಟುಕೊಳ್ಳಿ.

ಇಂಟರ್‌ವ್ಯೂ ಅಂದಾಗ ಇಂಗ್ಲಿಷಿನಲ್ಲಿ ಏನೇನು ಕೇಳುತ್ತಾರೋ ಅಂತ ಹೆದರಿದ್ದೆ. ಟ್ರೈನಿಂಗ್ ಕೊಡುವ ಸಿಸ್ಟರ್ ಒಬ್ಬರಿದ್ದರು, ರಿಟೈರ್ಡ್ ನರ್ಸ್. ಮಂಚದ ಮೇಲೆ ತಾವೇ ಮಲಗಿಬಿಟ್ಟರು. "ನಂಗೆ ಎಡಗಡೆ ಬಿದ್ದಿದೆ. ಈ ನೈಟಿ ಬಿಚ್ಚಿ ಬೇರೆ ಹಾಕು" ಅಂದರು. ಅವರ ಚೂಡಿದಾರದ ಮೇಲೆ ಒಂದು ದೊಗಲೆ ನೈಟಿ ಇತ್ತು. ನನಗಿಂತ ಮುಂಚೆ ಬಂದಿದ್ದ ಹುಡುಗಿ ಎಡಗೈ ಹಿಡಿದು ಎಳೆದಳು. ಸಿಸ್ಟರ್ ಎದ್ದು ಕೂತು, "ನನ್ನ ಭುಜ ಕಳಚಿತು ಕಣಮ್ಮ" ಅಂದರು.

ನನ್ನ ಸರದಿ. "ಅಮ್ಮ, ಈಗ ಬಟ್ಟೆ ಬದಲಾಯಿಸ್ತೀನಿ" ಅಂತ ಮೊದಲು ಹೇಳಿದೆ. ಅತ್ತೆಗೆ ಹೇಳದೆ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದರು, ಅದೇ ಅಭ್ಯಾಸ. ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು, ಹಾಕುವಾಗ ಬಿದ್ದ ಕೈ ಮೊದಲು. ತೋಳೊಳಗೆ ನನ್ನ ಕೈ ತೂರಿಸಿ, ಅವರ ಕೈ ಹಿಡಿದು, ಬಟ್ಟೆಯನ್ನು ಮೇಲಕ್ಕೆ ಏರಿಸಿದೆ. ಎಲ್ಲಿ ಕಲಿತೆ ಅಂತ ಕೇಳಿದರು. ಎಲ್ಲೂ ಇಲ್ಲ. ಅತ್ತೆಯ ರವಿಕೆ ಹಾಕೋಕೆ ಆಗದೆ, ಪಕ್ಕದ ಹೊಲಿಗೆ ಬಿಚ್ಚಿ ಪ್ರೆಸ್ ಬಟನ್ ಇಟ್ಟು ಕೊಟ್ಟಿದ್ದೆ. ಅದನ್ನು ಹೇಳಿದೆ. ಫಾರ್ಮ್‌ನಲ್ಲಿ ಅನುಭವ ಅನ್ನುವ ಕಡೆ ನಾನು "ಇಲ್ಲ" ಅಂತ ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ "2 ವರ್ಷ" ಅಂತ ಬರೆದರು. ಸಂಬಳ ಮಾತ್ರ ಫ್ರೆಷರ್ ಲೆಕ್ಕದಲ್ಲೇ ಹಿಡಿದರು. ಆಫೀಸಿನಲ್ಲಿ ಸಂಬಳ ಲೆಕ್ಕ ಹಾಕುವ, ಹೆಡ್‌ಸೆಟ್ ಹಾಕಿಕೊಂಡ ಹುಡುಗನಿಗೆ ಸಿಸ್ಟರ್ ಬರೆದದ್ದು ಕಾಣಲೇ ಇಲ್ಲ.

ಎಂಟು ದಿನ ಟ್ರೈನಿಂಗ್. ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಬೆಡ್ ಸೋರ್ ಅನ್ನುವ ಹುಣ್ಣು ಆಗುತ್ತೆ. ಯೂರಿನ್ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಊಟ ಮಾಡಿಸುವಾಗ ತಲೆಕಡೆ ಎತ್ತರ ಇರಬೇಕು, ಆದ ಮೇಲೂ ಅರ್ಧ ಗಂಟೆ ಹಾಗೇ ಬಿಡಬೇಕು. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಏನು ಮಾಡಬಾರದು ಅಂತ ಹೇಳಿಕೊಟ್ಟದ್ದು. ಇಂಜೆಕ್ಷನ್ ಕೊಡಬಾರದು, ಕ್ಯಾಥೆಟರ್ (ಮೂತ್ರದ ಟ್ಯೂಬ್) ಬದಲಾಯಿಸಬಾರದು, ರೈಲ್ಸ್ ಟ್ಯೂಬ್ ಹಾಕಬಾರದು, ಅದೆಲ್ಲ ನರ್ಸ್ ಕೆಲಸ. ಮನೆಯವರು ದುಡ್ಡು ಉಳಿಸೋಕೆ ಕೇಳಿಯೇ ಕೇಳುತ್ತಾರೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್. ಮೊದಲನೆಯದು ಅವರೇ ಹಾಕಿಸಿದರು, ಉಳಿದೆರಡು ನಮ್ಮ ಖರ್ಚು. ಯಾಕೋ ಗೊತ್ತಿಲ್ಲ.

ಸಮಯ ಇರುವವರು, ವಯಸ್ಸು ಚಿಕ್ಕದಿರುವವರು ಸರ್ಕಾರದ ಕೌಶಲ ಯೋಜನೆಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅನ್ನುವ, ಪೇಷೆಂಟ್ ನೋಡಿಕೊಳ್ಳುವ ಕೋರ್ಸ್ ಮಾಡುವುದು ಒಳ್ಳೆಯದು. ನಮ್ಮ ಬ್ಯಾಚಿನಲ್ಲಿ ಅದನ್ನು ಮಾಡಿ ಬಂದವಳಿಗೆ ನನಗಿಂತ 2,000 ಜಾಸ್ತಿ.

ಈಗ ಬೇಜಾರಿನ ವಿಷಯ. ಸಹಿ ಹಾಕಿಸಿಕೊಂಡ ಅಗ್ರಿಮೆಂಟ್ ಇಂಗ್ಲಿಷಿನಲ್ಲಿ ಆರು ಪುಟ. ಫಾರ್ಮ್ ಕನ್ನಡದಲ್ಲಿ, ಅಗ್ರಿಮೆಂಟ್ ಇಂಗ್ಲಿಷಿನಲ್ಲಿ, ನೋಡಿ ಹೇಗಿದೆ! ಮನೆಗೆ ತಂದು ಕೆಳಗಿನ ಮನೆಯ ಬಿಕಾಂ ಓದುವ ಹುಡುಗಿಗೆ ತೋರಿಸಿದೆ. "ಆಂಟಿ, ಇದರ ಪ್ರಕಾರ ನೀವು ಎಂಪ್ಲಾಯಿ ಅಲ್ಲ, ಸರ್ವಿಸ್ ಪಾರ್ಟ್ನರ್" ಅಂದಳು. ಪಾರ್ಟ್ನರ್ ಅಂದರೆ ಲಾಭದಲ್ಲಿ ಪಾಲು ಇರಬೇಕಲ್ವಾ? ಪೇಷೆಂಟ್ ಮನೆಯವರಿಂದ ತಿಂಗಳಿಗೆ 27,000 ತೆಗೆದುಕೊಳ್ಳುತ್ತಾರೆ, 12 ಗಂಟೆ ಡ್ಯೂಟಿಗೆ ನನಗೆ ಬರುವುದು 17,500. ಪಿಎಫ್ ಇಲ್ಲ, ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ವಿಮೆ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ಎಷ್ಟು ಬೈದರೂ ಎರಡೂ ಇದ್ದವು. 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ, ನಾನು ಅದರೊಳಗೇ ಬರುತ್ತೇನೆ. ಆದರೆ ಪಾರ್ಟ್ನರ್ ಅಂದ ಮೇಲೆ ಯಾರನ್ನು ಕೇಳೋದು? ದಿನವಿಡೀ ಇನ್ನೊಬ್ಬರನ್ನು ಎತ್ತಿ ಇಳಿಸುವವಳಿಗೆ ಸೊಂಟ ಹಿಡಿದರೆ ಆಸ್ಪತ್ರೆ ನನ್ನದೇ ಖರ್ಚು.

ಇನ್ನೊಂದು ಮೊದಲೇ ಯಾರೂ ಹೇಳಲಿಲ್ಲ. ಪೇಷೆಂಟ್ ತೀರಿಕೊಂಡರೆ ಆ ದಿನಕ್ಕೇ ಸಂಬಳ ನಿಲ್ಲುತ್ತೆ. ನನ್ನ ಮೊದಲ ಅಜ್ಜಿ ಐದನೇ ತಿಂಗಳಿಗೆ ಹೋದರು. ಬೆಳಗ್ಗೆ ಮೈ ಒರೆಸಿ ಸೀರೆ ಉಡಿಸಿದ್ದು ನಾನೇ. ಮಧ್ಯಾಹ್ನ ಏಜೆನ್ಸಿ ಕೋಆರ್ಡಿನೇಟರ್‌ದು ಮೆಸೇಜ್, ಡ್ಯೂಟಿ ಕ್ಲೋಸ್ಡ್ ಅಂತ. ಮುಂದಿನ ಮನೆ ಸಿಗೋಕೆ 13 ದಿನ. ಅದಕ್ಕೆ ಒಂದು ರೂಪಾಯಿ ಇಲ್ಲ.

ಏಜೆನ್ಸಿ ಪರವಾಗಿ ಒಂದು ಮಾತು ಹೇಳಲೇಬೇಕು. ಎರಡನೇ ಮನೆಯಲ್ಲಿ ವಾರ ಕಳೆಯುವಷ್ಟರಲ್ಲಿ ಪಾತ್ರೆ, ಆಮೇಲೆ ಇಡೀ ಮನೆ ಬಟ್ಟೆ ನನ್ನ ತಲೆಗೆ ಬಂತು. ಕಾಫಿಗೆ ಬೇರೆ ಲೋಟ ಇಟ್ಟಿದ್ದರು, ಅದನ್ನು ಕಿಟಕಿ ಹತ್ತಿರ. ಕೋಆರ್ಡಿನೇಟರ್‌ಗೆ ಹೇಳಿದೆ. ಅವಳು ಖುದ್ದಾಗಿ ಬಂದು, ಕನ್ನಡದಲ್ಲಿ ಪ್ರಿಂಟ್ ಮಾಡಿದ ಡ್ಯೂಟಿ ಚಾರ್ಟ್ ಫ್ರಿಜ್ ಮೇಲೆ ಅಂಟಿಸಿ ಹೋದಳು. ಪೇಷೆಂಟ್ ಊಟ, ಪೇಷೆಂಟ್ ಬಟ್ಟೆ, ಪೇಷೆಂಟ್ ರೂಮು, ಅಷ್ಟೇ. ಪಾತ್ರೆ ನಿಂತಿತು. ಲೋಟ ಕಿಟಕಿ ಹತ್ತಿರವೇ ಇದೆ. ನಾನು ಈಗ ಮನೆಯಿಂದ ಸ್ಟೀಲ್ ಫ್ಲಾಸ್ಕ್ ತರುತ್ತೇನೆ.

24 ಗಂಟೆ ಡ್ಯೂಟಿಗೆ 5,000 ಜಾಸ್ತಿ ಅಂತ ಆಸೆ ತೋರಿಸುತ್ತಾರೆ. ಚಿಕ್ಕ ಮಕ್ಕಳಿರುವವರು ಒಪ್ಪಬೇಡಿ. ಒಪ್ಪುವುದಾದರೆ ಮಲಗಲು ಜಾಗ ಎಲ್ಲಿ, ರಾತ್ರಿ ಎಷ್ಟು ಸಲ ಏಳಬೇಕು, ವಾರದ ರಜೆ ಯಾವತ್ತು, ಈ ಮೂರನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತಿನಲ್ಲಿ ಬೇಡ.

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಆ ಮೂರರಲ್ಲಿ ಎರಡು ಮಂಚದ ಮೇಲೆ ಮಲಗಿದ ಸಿಸ್ಟರ್‌ಗೆ. ಕೈಗೆ ಇಎಸ್‌ಐ ಕಾರ್ಡ್ ಬಂದರೆ ನಾಲ್ಕು ಮಾಡುತ್ತೇನೆ.