ನಾಯಿಯ ಹೆಸರಲ್ಲಿ ದುಡ್ಡು ಎತ್ತುವ ಮುಂಚೆ

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ಲ, ಹನ್ನೊಂದಕ್ಕೇ ರಸ್ತೆ ಖಾಲಿ. ಸೇಡಂ ರಸ್ತೆ ಕಡೆ ನಮ್ಮ ಓಣಿಯ ತಿರುವಿನಲ್ಲಿ ಬೇವಿನ ಮರದ ಕೆಳಗೆ ಕರೆವ್ವ ಮಲಗಿತ್ತು. ಹುಡುಗರು ಇಟ್ಟ ಹೆಸರು. ಓಣಿಯ ಜೋಳದ ರೊಟ್ಟಿ ತಿಂದು ಬೆಳೆದ ಕಪ್ಪು ನಾಯಿ. ಟಂಟಂ ಒಂದು ಅದರ ಹಿಂಗಾಲ ಮೇಲೆ ಹಾದು ಹೋಯ್ತು, ನಿಲ್ಲಿಸಲೂ ಇಲ್ಲ.

ಯಾರೋ ಒಬ್ಬ ಹುಡುಗನ ನಂಬರ್ ಕೊಟ್ಟರು. ಪ್ರಾಣಿ ಸೇವೆ ಮಾಡ್ತಾನಂತೆ. ಅರ್ಧ ತಾಸಿನಲ್ಲಿ ಬಂದ. ನನ್ನ ಹಳದಿ ದುಪಟ್ಟಾ ಹರಿದು ಕೊಟ್ಟೆ, ಕಾಲಿಗೆ ಸುತ್ತಿದ. ತಲೆ ಸವರುತ್ತಾ ಅದನ್ನು ಆಟೋದಲ್ಲಿ ಮಲಗಿಸಿದ ರೀತಿ ನೋಡಿ ನನಗೆ ಕಣ್ಣೀರು ಬಂತು. ಸುಳ್ಳು ಯಾಕೆ ಹೇಳಲಿ, ಅಲ್ಲೇ ನಾನು ಸೋತೆ.

ಸಂಜೆ ಫೋನ್. "ಅಕ್ಕಾರ, ಎಲುಬು ಎರಡು ಕಡಿ ಮುರದದ. ಹೈದರಾಬಾದಿಗೆ ಒಯ್ದು ರಾಡ್ ಹಾಕಸಬೇಕು. 40 ಸಾವಿರ ಬೇಕಾಗ್ತದ ನೋಡ್ರಿ. ಇವತ್ತೇ ಮುಂಗಡ ಕಟ್ಟಲಿಲ್ಲಂದ್ರ ಕಾಲು ಉಳಿಯಂಗಿಲ್ಲ."

ದುಡ್ಡು ಹಾಕಲು ಅವನು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಬ್ಬ ಹೆಂಗಸಿನ ಹೆಸರು ಬಂತು. ಕೇಳಿದೆ. "ನಮ್ಮ ವೈನಿ ಖಾತೆ ಅದ ರೀ, ನಂದು ಬಂದ್ ಆಗ್ಯಾದ" ಅಂದ. ಖಾತೆ ಯಾಕಪ್ಪಾ ಬಂದ್ ಆಯ್ತು ಅಂತ ಕೇಳಬೇಕಿತ್ತು, ಅಲ್ವಾ? ಕೇಳಲಿಲ್ಲ. ಬೆಳಿಗ್ಗೆ ನಾನೇ ತೆಗೆದಿದ್ದ ಫೋಟೊ ಹಾಕಿ, ಕೆಳಗೆ "ನಂಬಿಕಸ್ಥ ಹುಡುಗ, ನಾನೇ ಮಾತಾಡಿದ್ದೇನೆ" ಅಂತ ಬರೆದು ಆರು ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ಅವನ ಪರಿಚಯ ಆಗಿ ಒಂದು ದಿನವೂ ಆಗಿರಲಿಲ್ಲ. ಮೂರು ದಿನದಲ್ಲಿ 41,300 ರೂಪಾಯಿ ಸೇರಿತು. ಜನ ಅವನನ್ನು ನಂಬಿ ಕೊಟ್ಟದ್ದಲ್ಲ, ನನ್ನ ಹೆಸರು ನೋಡಿ ಕೊಟ್ಟರು. ಎದುರು ಮನೆ ಅಜ್ಜಿ ಪಿಂಚಣಿಯಲ್ಲಿ 200 ತೆಗೆದು ಕೈಗಿಟ್ಟಿದ್ದಳು.

ನಾಲ್ಕನೇ ದಿನ ಬಿಲ್ಲಿನ ಫೋಟೊ ಬಂತು. ನಾನು ಕೆಳಗಿನ ಮೊತ್ತ ಮಾತ್ರ ನೋಡಿ, ಕೈ ಮುಗಿಯುವ ಚಿತ್ರ ಕಳಿಸಿ ಸುಮ್ನಾದೆ. ಎರಡು ದಿನ ಬಿಟ್ಟು ನಮ್ಮ ಕಾಕಾ ಮನೆಗೆ ಬಂದಿದ್ದರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಫೋನ್ ಇಸಕೊಂಡು, ಚಿತ್ರ ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ ಕೇಳಿದರು: "ನಿಮ್ಮ ನಾಯಿ ಗಂಡೋ ಹೆಣ್ಣೋ?"

ಬಿಲ್ಲಿನ ಮೂಲೆಯಲ್ಲಿ ಸಣ್ಣಗೆ ಇತ್ತು: ಗಂಡು, 28 ಕೆ.ಜಿ. ಅರಿವಳಿಕೆ, ಔಷಧಿ ಎಲ್ಲಾ ತೂಕದ ಮೇಲೇ ಕೊಡೋದು, ಅದಕ್ಕೇ ತೂಕ ಬರೆದಿರ್ತಾರೆ ಅಂದರು. ಕರೆವ್ವ ಎಷ್ಟು ತೂಗಿದರೂ 12 ಕೆ.ಜಿ. ದಾಟಲ್ಲ. ಮೇಲಾಗಿ ಎರಡು ಸಲ ನಮ್ಮ ಮೆಟ್ಟಿಲ ಕೆಳಗೇ ಮರಿ ಹಾಕಿದ ನಾಯಿ! ಆ ಆಸ್ಪತ್ರೆಗೆ ಫೋನ್ ಮಾಡಿದೆ. ಆ ನಂಬರಿನ ಬಿಲ್ಲು ಯಾರದೋ ಮನೆಯ ಲ್ಯಾಬ್ರಡಾರ್‌ದು. ಹೆಸರು, ತಾರೀಖು ತಿದ್ದಿದವನು ತೂಕ ತಿದ್ದೋದು ಮರೆತಿದ್ದ. ಅವನ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್.

ಒಂಬತ್ತನೇ ದಿನ ಓಣಿಯ ಹುಡುಗನೊಬ್ಬ ಅಪ್ಪನ ಕೆರೆ ಹತ್ತಿರ ಕರೆವ್ವನನ್ನು ನೋಡಿದ. ಕಾಲಿಗೆ ನನ್ನ ಹಳದಿ ದುಪಟ್ಟಾ ಹಾಗೇ ಇತ್ತು. ಬಿಚ್ಚಿದರೆ ಒಳಗೆ ಹುಳ. ಇಲ್ಲಿಯ ಸರಕಾರಿ ಪಶು ಆಸ್ಪತ್ರೆಯಲ್ಲಿ ತೊಳೆದು ಔಷಧಿ ಹಾಕಿ, ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ ಅಂದರು. ಹೈದರಾಬಾದ್ ಅಂದಾಗ ತಲೆ ಆಡಿಸಿದ ನಮಗ್ಯಾರಿಗೂ ಬೀದರ್ ನೆನಪಾಗಿರಲಿಲ್ಲ ನೋಡಿ! ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಅಲ್ಲಿದೆ. ಕಾಲು ಉಳಿಯಲಿಲ್ಲ, ತೆಗೆದರು. ಒಟ್ಟು ಖರ್ಚಿನಲ್ಲಿ ಗಾಡಿ ಬಾಡಿಗೆಯೇ ಜಾಸ್ತಿ.

1930ಕ್ಕೆ ಫೋನ್ ಮಾಡಿದ್ದು ಹನ್ನೊಂದನೇ ದಿನ. ನಾಚಿಕೆಯಿಂದ ತಡ ಮಾಡಿದೆ. ಈ ಸೈಬರ್ ವಂಚನೆ ನಂಬರಿಗೆ ಎಷ್ಟು ಬೇಗ ಹೇಳ್ತೀವೋ ಅಷ್ಟು ಚಲೋ, ದುಡ್ಡು ಖಾತೆಯಲ್ಲಿ ಇರುವಾಗಲೇ ತಡೆಯಬಹುದು. ಹಣ ಹಾಕಿದ ಪ್ರತಿಯೊಬ್ಬರ ಹತ್ತಿರ ಹೋಗಿ ಯುಪಿಐ ವಹಿವಾಟಿನ 12 ಅಂಕಿಯ ನಂಬರ್ ಕೇಳಬೇಕಾಯ್ತು. ಕೆಲವರು ಕೊಟ್ಟರು, ಕೆಲವರು ಮುಖ ತಿರುಗಿಸಿದರು. ದುಡ್ಡು ಇನ್ನೂ ಬಂದಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಆಸ್ಪತ್ರೆಯ ಖಾತೆಗೇ ಹಾಕ್ತೀನಿ, ಅದೂ ಡಾಕ್ಟರ್ ಹತ್ತಿರ ಮಾತಾಡಿದ ಮೇಲೆ. ನಾಯಿ ಯಾವ ಹಾಸಿಗೆ ಮೇಲಿದೆ, ವಿಡಿಯೋ ಕಾಲ್‌ನಲ್ಲಿ ತೋರಿಸಿ ಅಂತೀನಿ. ನಿಜವಾಗಿ ಸೇವೆ ಮಾಡುವವರು ಇದಕ್ಕೆ ಬೇಜಾರಾಗಲ್ಲ, ತಟ್ಟನೆ ತೋರಿಸ್ತಾರೆ. "ಈಗಲೇ, ಈ ತಾಸಿನಲ್ಲೇ" ಅಂದರೆ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿ ಅಂತೀನಿ.

ಇಷ್ಟು ಉದ್ದ ಬರೆಯಲು ಕಾರಣ ಇದೆ. ಹೋದ ವಾರ ಬೀದರ್‌ನ ಗೆಳತಿ ಒಂದು ಫೋಟೊ ಕಳಿಸಿದಳು. ಅದೇ ಬೇವಿನ ಮರ, ಅದೇ ಕರೆವ್ವ. ಬೇರೆ ಹೆಸರು, ಬೇರೆ ನಂಬರ್, ಈ ಸಲ 60 ಸಾವಿರ. ಫೋಟೊದ ಎಡಮೂಲೆಯಲ್ಲಿ ಹಸಿರು ಪಟ್ಟಿಯ ಚಪ್ಪಲಿ ಹಾಕಿದ ಒಂದು ಕಾಲು ಕಾಣುತ್ತೆ. ಅದು ನನ್ನದು. ನಿಮಗೆ ಆ ಫೋಟೊ ಬಂದರೆ ಒಂದು ರೂಪಾಯಿಯೂ ಹಾಕಬೇಡಿ. ಆ ನಾಯಿ ಈಗ ಮೂರು ಕಾಲಲ್ಲಿ ನಮ್ಮ ಮೆಟ್ಟಿಲ ಹತ್ತಿರ ರೊಟ್ಟಿ ಕಾಯ್ತಾ ಕೂತಿದೆ.