ಅವ್ವನ ಹಸಿರು ಫೈಲು: ಹುಬ್ಬಳ್ಳಿಯಲ್ಲಿ 14 ತಿಂಗಳು ಹೋಮ್ ನರ್ಸಿಂಗ್ ತಗೊಂಡ ಅನುಭವ

ನಮ್ಮ ಅವ್ವಗೆ 79 ವರ್ಷ. ಹೋದ ವರ್ಷ ಬ್ಯಾಸಗಿ ಶುರುವಿನಲ್ಲಿ, ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ನಸುಕಿನಲ್ಲಿ ಎದ್ದು ಬಚ್ಚಲಕ್ಕೆ ಹೊರಟವಳು ಪ್ಯಾಸೇಜಿನಲ್ಲಿ ಬಿದ್ದಳು. ಬಲಗಡೆ ತೊಡೆ ಎಲುಬು ಮುರಿದಿತ್ತು. ಆಪರೇಷನ್ ಆಯಿತು, ರಾಡ್ ಹಾಕಿದರು, ಒಂಬತ್ತನೇ ದಿನ ಡಿಸ್ಚಾರ್ಜ್. ಒಂದು ವಾಕರ್, ಒಂಬತ್ತು ನಮೂನಿ ಗುಳಿಗೆ ಹಿಡಿದುಕೊಂಡು ಮನೆಗೆ ಬಂದೆವು. ನನ್ನದು ಬ್ಯಾಂಕಿನ ಕೆಲಸ, ನಮ್ಮ ಮನೆಯವರು ದಿನಾ ಗದಗಕ್ಕೆ ಹೋಗಿ ಬರುತ್ತಾರೆ. ಹಗಲು ಅವ್ವನ ಹತ್ತಿರ ಯಾರೂ ಇರಲಿಲ್ಲ. ಹೀಗಾಗಿ ಹೋಮ್ ನರ್ಸಿಂಗ್ ಸೇವೆ ಹಚ್ಚಿದೆವು.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಅವರ ಸೇವೆಯಲ್ಲಿ ಎರಡು ಭಾಗ. ಹಗಲು 12 ತಾಸಿನ ಅಟೆಂಡರ್, ತಿಂಗಳಿಗೆ 19,000 ರೂಪಾಯಿ. ಇನ್ನೊಂದು, ನರ್ಸಿಂಗ್ ಓದಿದ ಸಿಸ್ಟರ್ ಮನೆಗೇ ಬಂದು ಪೇಶಂಟನ್ನು ಪೂರ್ತಿ ನೋಡಿ, ಆರೈಕೆ ಹೇಗಿರಬೇಕು ಅಂತ ಒಂದು ಹಸಿರು ಫೈಲಿನಲ್ಲಿ ಪ್ಲ್ಯಾನ್ ಬರೆದುಕೊಡುವುದು. ಅದಕ್ಕೆ ಮೊದಲ ಸಲ 1,500, ಆಮೇಲೆ 15 ದಿನಕ್ಕೊಮ್ಮೆ ಬಂದಾಗ 600. ಈ ಎರಡನೆಯದನ್ನು ಬ್ಯಾಡ ಅನ್ನುವವಳಿದ್ದೆ. ಡಾಕ್ಟರು ಎಲ್ಲಾ ಬರೆದುಕೊಟ್ಟಾರಲ್ಲ, ಮತ್ತೇನು ನೋಡುತ್ತಾರೆ ಅಂತ ನನ್ನ ಲೆಕ್ಕ ಇತ್ತು. 14 ತಿಂಗಳ ಮೇಲೆ ಹೇಳುತ್ತೇನೆ: ಅಟೆಂಡರ್ ಇಲ್ಲದೆ ಹೇಗೋ ಸಂಭಾಳಿಸಬಹುದು, ಆ 1,500 ರೂಪಾಯಿಯ ಭೇಟಿಯನ್ನು ಮಾತ್ರ ಬಿಡಬ್ಯಾಡ್ರಿ.

ಮೊದಲ ದಿನ ಸಿಸ್ಟರ್ ಎರಡು ತಾಸು ಕೂತಿದ್ದರು. ಬಂದವರೇ ಬಿಪಿ ಪಟ್ಟಿ ತೆಗೆಯಲಿಲ್ಲ. ಅವ್ವನ ಎಡಗಡೆ ಕೂತು ಹೆಸರು ಕೇಳಿದರು, ಅವ್ವ ಸುಮ್ಮನೆ ನಕ್ಕಳು. ಎದ್ದು ಬಲಗಡೆ ಬಂದು ಅದನ್ನೇ ಕೇಳಿದರು, ಅವ್ವ ಹೆಸರು, ಊರು ಅಣ್ಣಿಗೇರಿ, ಓಣಿ ಎಲ್ಲಾ ಹೇಳಿದಳು. ಆಸ್ಪತ್ರೆಯ ಕಾಗದದಲ್ಲಿ ‘ಮಾತಿಗೆ ಸರಿಯಾಗಿ ಸ್ಪಂದಿಸುವುದಿಲ್ಲ’ ಅಂತ ಬರೆದಿತ್ತು. ಎಡಗಿವಿ ಕೇಳುವುದಿಲ್ಲ ಅಂತ ಅಲ್ಲಿ ಯಾರೂ ಗಮನಿಸಿರಲಿಲ್ಲ, ನಾನೂ ಹೇಳಿರಲಿಲ್ಲ. ಕಿವಿಯ ಸಂಗತಿ ಗೊತ್ತಾದ ಮೇಲೆಯೇ ಸಿಸ್ಟರ್ ನೆನಪಿನ ಪರೀಕ್ಷೆ ಮಾಡಿದ್ದು. ಬಾಳೆಹಣ್ಣು, ಸೂರ್ಯೋದಯ, ಕುರ್ಚಿ ಅಂತ ಮೂರು ಶಬ್ದ ಹೇಳಿ, ನಡುವೆ ಗಡಿಯಾರ ಬರೆಸಿ, ಆಮೇಲೆ ಆ ಮೂರನ್ನೂ ತಿರುಗಿ ಕೇಳುವುದು. ಮಿನಿ-ಕಾಗ್ ಅನ್ನುತ್ತಾರೆ, ಐದಕ್ಕೆ ಅಂಕ. ಅವ್ವಗೆ ಐದೂ ಬಂತು. ಆ ಐದು ಅಂಕ ಏಳು ತಿಂಗಳ ಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಬರೆಯುತ್ತೇನೆ.

ಆಮೇಲೆ ಬಿಪಿ. ಅವ್ವನನ್ನು ಐದು ನಿಮಿಷ ಮಲಗಿಸಿ ನೋಡಿದರು: 148/84. ವಾಕರ್ ಹಿಡಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿದರು: 120/72. ಅವ್ವ “ಕಣ್ಣಿಗೆ ಕತ್ತಲಿ ಬಂತವಾ” ಅಂದಳು. ನಿಂತಾಗ ಮೇಲಿನ ಸಂಖ್ಯೆ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಬೀಳುವ ಅಪಾಯ ಹೆಚ್ಚು ಅಂತ ಸಿಸ್ಟರ್ ಹೇಳಿದರು. ನಾವೆಲ್ಲ ಅವ್ವ ಕಾಲು ಜಾರಿ ಬಿದ್ದಳು ಅಂತಲೇ ತಿಳಿದಿದ್ದೆವು. ಎಷ್ಟೋ ವರ್ಷದಿಂದ ಬಿಪಿ ತೋರಿಸುತ್ತಾ ಬಂದೀವಿ, ನಿಲ್ಲಿಸಿ ನೋಡಿದ್ದು ಅದೇ ಮೊದಲು. ಗುಳಿಗೆಗೆ ಸಿಸ್ಟರ್ ಕೈ ಹಚ್ಚಲಿಲ್ಲ, ಅದು ಡಾಕ್ಟರ ಕೆಲಸ ಅಂದರು. ಮೂರು ದಿನದ ಅಂಕಿ ಬರೆದು ಒಂದು ಚೀಟಿ ಕೊಟ್ಟರು. ಡಾಕ್ಟರು ಅದನ್ನು ನೋಡಿ ಬಿಪಿ ಗುಳಿಗೆಯ ಪ್ರಮಾಣ ಕಡಿಮೆ ಮಾಡಿದರು, ರಾತ್ರಿಯ ನಿದ್ದೆ ಗುಳಿಗೆಯನ್ನು ಹಂತ ಹಂತವಾಗಿ ಬಿಡಿಸಿದರು. ಪ್ಲ್ಯಾನಿನಲ್ಲಿ ಒಂದು ಸಾಲು ಸೇರಿತು: ‘ಏಳುವ ಮುಂದೆ ಕಾಲು ಇಳಿಬಿಟ್ಟು ಎರಡು ನಿಮಿಷ ಕೂಡಬೇಕು.’ ಅಲ್ಲಿಂದ ಇಲ್ಲಿತನಕ ಅವ್ವ ಬಿದ್ದಿಲ್ಲ.

ಮನೆಯನ್ನೂ ನೋಡಿದರು. ನಮ್ಮ ಓಣಿಗೆ ನೀರು ಬರುವುದು ಐದಾರು ದಿನಕ್ಕೊಮ್ಮೆ. ಬಂದ ದಿನ ಕೊಡ, ಬಕೀಟು, ಡ್ರಮ್ಮು ಎಲ್ಲಾ ಪ್ಯಾಸೇಜಿನಲ್ಲೇ ಸಾಲಾಗಿ ಇಡುತ್ತಿದ್ದೆವು, ನೆಲ ಒದ್ದೆ. ಸಿಸ್ಟರ್ “ಅಕ್ಕಾರ, ಅಜ್ಜಿ ಬಿದ್ದ ದಿವಸ ನೀರು ಬಂದಿತ್ತೇನ್ರಿ?” ಅಂತ ಕೇಳಿದಾಗ ನನಗೆ ಎದೆ ಝಲ್ಲೆಂದಿತು. ಬಂದಿತ್ತು. ಹಿಂದಿನ ರಾತ್ರಿಯೇ ತುಂಬಿಸಿಟ್ಟಿದ್ದೆವು. ಈಗ ಡ್ರಮ್ಮು ಹಿತ್ತಲಿಗೆ ಹೋಗಿದೆ, ಬಚ್ಚಲದ ಗೋಡೆಗೆ ಹಿಡಿಕೆ ಬಂದಿದೆ, ಸೀರೆ ಎರಡು ಬೆರಳು ಮೇಲೆ ಉಡಿಸುತ್ತೇವೆ.

ಕಡೆಗೆ ಅವ್ವನನ್ನೇ ಕೇಳಿದರು: “ಅಜ್ಜಿ, ನಿಮಗ ಏನಾಗಬೇಕ್ರಿ?” ಅವ್ವ ಬಹಳ ಹೊತ್ತು ಸುಮ್ಮನಿದ್ದು, “ಸಂಜೀಕ ಕಟ್ಟಿ ಮ್ಯಾಲೆ ಕುಂದರಬೇಕವಾ. ಓಣ್ಯಾಗಿನ ಮಂದಿ ನೋಡಬೇಕು” ಅಂದಳು. ಹಸಿರು ಫೈಲಿನ ಮೊದಲ ಪುಟದಲ್ಲಿ ಮೊದಲ ಗುರಿ ಅಂತ ಸಿಸ್ಟರ್ ಬರೆದದ್ದು ಅದನ್ನೇ: ‘ಆರು ವಾರದೊಳಗೆ ವಾಕರ್ ಹಿಡಿದು ಕಟ್ಟೆಗೆ ಹೋಗಿ ಅರ್ಧ ತಾಸು ಕೂಡುವುದು.’ ಕಾಲಿನ ವ್ಯಾಯಾಮ, ಹೊಸ್ತಿಲು ದಾಟುವ ರೂಢಿ, ಎಲ್ಲಾ ಆ ಗುರಿಗೆ ಹೊಂದಿಸಿಯೇ ಬಂದವು. ವ್ಯಾಯಾಮ ಮಾಡು ಅಂತ ನಾನು ಹೇಳಿದರೆ ಮುಖ ತಿರುಗಿಸುತ್ತಿದ್ದ ಅವ್ವ, ಕಟ್ಟೆಯ ಆಶೆಗೆ ದಿನಕ್ಕೆ ಮೂರು ಸಲ ಮಾಡಿದಳು. ಆರು ವಾರ ಎಂಟಾಯಿತು, ಆದರೆ ಕೂತಳು.

ಊಟದ ಸಂಗತಿ ಮಾತ್ರ ಮೊದಲು ತಪ್ಪಿತು. ಸಂಸ್ಥೆಯ ಆಫೀಸಿನಿಂದ ಬಂದ ಛಾಪಿಸಿದ ಹಾಳೆಯಲ್ಲಿ ‘ಮೆತ್ತನೆಯ ಆಹಾರ: ಇಡ್ಲಿ, ಗಂಜಿ, ಓಟ್ಸ್’ ಅಂತಿತ್ತು. ಜೋಳದ ರೊಟ್ಟಿ ಉಂಡು ಬೆಳೆದ ಜೀವ, ಇಡ್ಲಿ ಮುಂದೆ ಇಟ್ಟರೆ ಎರಡು ತುತ್ತಿಗೆ ಸಾಕು ಅನ್ನುತ್ತಿತ್ತು. ಎರಡು ತಿಂಗಳಲ್ಲಿ ತೂಕ 46ರಿಂದ 43 ಕಿಲೋಕ್ಕೆ ಇಳಿಯಿತು. ಸಿಸ್ಟರ್ ಅವ್ವನ ಬಾಯಿ ತೆರೆಸಿ ನೋಡಿದರೆ ಹಲ್ಲಿನ ಸೆಟ್ ಸಡಿಲಾಗಿ ವಸಡು ಹುಣ್ಣಾಗಿತ್ತು. ಸೆಟ್ ಸರಿ ಮಾಡಿಸಿದೆವು. ಹಾಳೆಯ ಮೇಲೆ ಅಡ್ಡಗೆರೆ ಎಳೆದು ಸಿಸ್ಟರ್ ಕೈಯಲ್ಲೇ ಬರೆದರು: ಬಿಸಿರೊಟ್ಟಿ ಮುರಿದು ಬ್ಯಾಳಿ ಕಟ್ಟಿನಲ್ಲಿ ನೆನೆಸಿ ಕೊಡುವುದು, ಮಧ್ಯಾಹ್ನ ಜೋಳದ ನುಚ್ಚು ಮಜ್ಜಿಗೆ, ಸಂಜೆ ಹೆಸರುಕಾಳು ಕುದಿಸಿ ಕಿವುಚಿದ್ದು, ಮಲಗುವಾಗ ಹಾಲು. ಈಗ ತೂಕ 47.

ಏಳನೇ ತಿಂಗಳ ಮಾತು. ಒಂದು ರಾತ್ರಿ ಅವ್ವ ಎದ್ದು ಕೂತು, “ನಿಮ್ಮಪ್ಪ ಹೊಲದಿಂದ ಬಂದಾರ, ಕಾಲಿಗೆ ನೀರು ಕೊಡು” ಅಂದಳು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮರುದಿನ ಹಗಲೆಲ್ಲ ತೂಕಡಿಕೆ, ರಾತ್ರಿ ಮತ್ತೆ ಅದೇ. ಆ ವಾರ ಬಂದಿದ್ದ ಬದಲಿ ಅಟೆಂಡರ್, “ವಯಸ್ಸಾತಲ್ರಿ, ಅರಳು ಮರಳು” ಅಂದಳು. ಬೀಗರೂ ಅದನ್ನೇ ಅಂದರು. ನಾನೂ ನಂಬಿ ಅತ್ತುಬಿಟ್ಟೆ. ಸಿಸ್ಟರಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದು, “ಎಂದಿನಿಂದ ಹಿಂಗ?” ಎರಡು ದಿನದಿಂದ ಅಂದೆ. “ಹದಿನೈದು ದಿನದ ಹಿಂದ ಅಜ್ಜಿ ನನ್ನ ಮಗನ ಪರೀಕ್ಷಾ ಬಗ್ಗೆ ಕೇಳ್ಯಾರ. ಮರೆವಿನ ರೋಗ ಎರಡು ದಿನದಾಗ ಬರೂದಿಲ್ರಿ, ಇದು ಬ್ಯಾರೆ ಐತಿ” ಅಂತ ಹೇಳಿ ಮಧ್ಯಾಹ್ನವೇ ಬಂದರು. ಫೈಲು ತೆಗೆದು ಮೊದಲ ದಿನದ ಐದು ಅಂಕ ತೋರಿಸಿದರು. ಅಟೆಂಡರ್ ದಿನಾ ತುಂಬುವ ಹಾಳೆ ನೋಡಿದರೆ ನಾಲ್ಕು ದಿನದಿಂದ ಸಂಡಾಸದ ಕಾಲಮ್ಮು ಖಾಲಿ. ನೀರೂ ಕುಡಿದಿರಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಲು ಡಾಕ್ಟರಿಗೆ ತಿಳಿಸಿದರು, ಇನ್ಫೆಕ್ಷನ್ ಇತ್ತು. ಹೀಗೆ ಜಡ್ಡಿನಿಂದ ಒಮ್ಮೆಲೇ ಬುದ್ಧಿ ಗಲಿಬಿಲಿಯಾಗುವುದಕ್ಕೆ ಡೆಲಿರಿಯಮ್ ಅನ್ನುತ್ತಾರಂತೆ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಬಡಬಡಿಕೆಯಾಗಿಯೂ ಇನ್ಫೆಕ್ಷನ್ ತೋರಬಹುದು. ಔಷಧ ಶುರುವಾಗಿ, ಹೊಟ್ಟೆ ಸಾಫಾಗಿ, ಒಂದು ವಾರದಲ್ಲಿ ಅವ್ವ ಮೊದಲಿನಂತಾದಳು. ನಿಮ್ಮ ಮನೆಯ ಹಿರಿಯರು ಚಲೋ ಇದ್ದಾಗಲೇ ಹೇಗಿದ್ದಾರೆ ಅಂತ ಒಮ್ಮೆ ಬರೆಸಿಡ್ರಿ. ಹಾಗೆ ಬರೆಸಿಟ್ಟಿರದಿದ್ದರೆ ನಾನು ಅರಳು ಮರಳು ಅಂತಲೇ ಕೈಬಿಡುತ್ತಿದ್ದೆ.

ಇನ್ನು ತಕರಾರು. ಸಂಸ್ಥೆಯವರು 14 ತಿಂಗಳಲ್ಲಿ ಐದು ಅಟೆಂಡರ್ ಬದಲಿಸಿದರು. ಹೋಗುವಾಕಿ ಬರುವಾಕಿಗೆ ಏನೂ ಹೇಳಿ ಹೋಗುವುದಿಲ್ಲ. ಒಂದು ತಿಂಗಳ ಪ್ಲ್ಯಾನಿನಲ್ಲಿ ‘ಸಕ್ಕರೆ ಕಾಯಿಲೆಯ ಪಥ್ಯ’ ಅಂತ ಬಂದಿತ್ತು. ಅವ್ವಗೆ ಶುಗರ್ ಇಲ್ಲವೇ ಇಲ್ಲ. ಬೇರೆ ಯಾರದೋ ಹಾಳೆಗೆ ಹೆಸರು ಬದಲಿಸಿ ಕಳಿಸಿದ್ದರು. ಹೊಸ ಅಟೆಂಡರ್ ಅದನ್ನು ಓದಿ ಎರಡು ದಿನ ಹಾಲಿಗೆ ಬೆಲ್ಲ ಹಾಕಲಿಲ್ಲ. ಇದು ಸಣ್ಣದು. ಹನ್ನೊಂದನೇ ತಿಂಗಳಿನದು ಸಣ್ಣದಲ್ಲ. ವೈರಲ್ ಜ್ವರ ಬಂದು ಅವ್ವ ಎಂಟು ದಿನ ಹಾಸಿಗೆ ಹಿಡಿದಳು, ಅದೇ ಹೊತ್ತಿಗೆ ನಮ್ಮ ಸಿಸ್ಟರ್ ರಜೆಯಲ್ಲಿದ್ದರು. ಆಫೀಸಿನಿಂದ ಬಂದ ಇನ್ನೊಬ್ಬರು ಬ್ರೇಡನ್ ಅಂಕದ ಕಾಲಮ್ಮಿನಲ್ಲಿ ಹಿಂದಿನ ತಿಂಗಳ 20ನ್ನೇ ಬರೆದು ಹೋದರು. ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಅಂಕ ಅದು: 6ರಿಂದ 23ರವರೆಗೆ, ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಚ್ಚರ. ಎದ್ದು ಓಡಾಡುವಾಗಿನ ಅಂಕ ಮಲಗಿದಾಗ ಹೇಗೆ ಸರಿ ಹೋದೀತು? ಸಿಸ್ಟರ್ ತಿರುಗಿ ಬಂದು ಅವ್ವನನ್ನು ಮಗ್ಗಲು ಹೊರಳಿಸಿದಾಗ ಬೆನ್ನಿನ ಕೆಳತುದಿಯಲ್ಲಿ ರೂಪಾಯಿ ಅಗಲದ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟರು, ಕೆಂಪು ಬಿಳಿಚಲಿಲ್ಲ. ಚರ್ಮದ ಕೆಳಗೆ ಪೆಟ್ಟು ಶುರುವಾದ ಗುರುತು ಅದು. ಅಂಕ ಹೊಸದಾಗಿ ಹಾಕಿದರೆ 15. ಎರಡು ತಾಸಿಗೊಮ್ಮೆ ಮಗ್ಗಲು, ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡ ಹಾಸಿಗೆಗೆ ತಾಗದಂತೆ, ಕೆಂಪಾದಲ್ಲಿ ತಿಕ್ಕಬಾರದು. ಕೂಡಲು ಅಟೆಂಡರ್ ತಂದಿದ್ದ, ನಡುವೆ ತೂತಿರುವ ರಬ್ಬರ್ ಟ್ಯೂಬ್ ತೆಗೆಸಿದರು. ಅದರ ಮೇಲೆ ಕೂಡಿಸಿದರೆ ನಡುವಿನ ಜಾಗಕ್ಕೆ ರಕ್ತ ಇನ್ನೂ ಕಡಿಮೆ ಹೋಗುತ್ತದೆ. ಚರ್ಮ ಬಿರಿಯದೆ ಆ ಕೆಂಪು ಹತ್ತು ದಿನಕ್ಕೆ ಮಾಯವಾಯಿತು. ಆಫೀಸಿಗೆ ಹೋಗಿ ಗಟ್ಟಿಯಾಗಿ ಮಾತಾಡಿ ಬಂದೆ. ಅವರು ಆ ತಿಂಗಳ ಭೇಟಿಯ ದುಡ್ಡು ವಾಪಸು ಕೊಟ್ಟರು, ತಪ್ಪಾಯಿತು ಅಂತ ಬರೆದು ಕೊಡಲಿಲ್ಲ.

ಸಿಸ್ಟರ್ ಕೆಲಸಕ್ಕೆ ಐದಕ್ಕೆ ಐದು. ಆಫೀಸಿಗೆ ಎರಡು. ನೀವು ಇಂಥ ಸೇವೆ ತಗೊಳ್ಳುವಾಗ ಛಾಪಿಸಿದ ಪ್ಲ್ಯಾನ್ ಕೊಟ್ಟರೆ ಅದರಲ್ಲಿ ನಿಮ್ಮ ಅಪ್ಪ ಅವ್ವಗೆ ಮಾತ್ರ ಸಲ್ಲುವ ಸಾಲು ಯಾವುದು ಐತಿ ಅಂತ ಬೆರಳಿಟ್ಟು ಕೇಳ್ರಿ. ಜ್ವರ, ಆಸ್ಪತ್ರೆ, ಹೊಸ ಗುಳಿಗೆ ಏನೇ ಆದರೂ ಎಲ್ಲಾ ಅಂಕ ಮತ್ತೆ ಹಾಕಿಸ್ರಿ, ತಿಂಗಳು ಮುಗಿಯಲಿ ಅಂತ ಕಾಯಬ್ಯಾಡ್ರಿ.

ಸ್ನಾನ, ಊಟ, ನಡಿಗೆ ಹೀಗೆ ಹತ್ತು ಕೆಲಸ ಅಳೆಯುವ ಬಾರ್ಥೆಲ್ ಅಂಕ ಅವ್ವಗೆ ಮೊದಲ ದಿನ ನೂರಕ್ಕೆ 45 ಇತ್ತು, ಈಗ 80. ಹೀಗಾಗಿ ಈ ತಿಂಗಳಿಂದ ಅಟೆಂಡರ್ ಬಿಡಿಸಿ ಹಗಲಿಗೆ ಓಣಿಯ ಒಬ್ಬಾಕೆಯನ್ನು ಇಟ್ಟುಕೊಂಡಿದ್ದೇವೆ, ಸಿಸ್ಟರ್ ಭೇಟಿಗೆ ಮಾತ್ರ ಮತ್ತೆ ಆರು ತಿಂಗಳ ದುಡ್ಡು ಕಟ್ಟಿದ್ದೇನೆ. ಹೋದ ಸಲ ಅವ್ವ ಹೊಸ ಗುರಿ ಬರೆಸಿದಳು: ಶ್ರಾವಣದಲ್ಲಿ ಒಂದು ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗಬೇಕು. ದಾರಿಯಲ್ಲಿ ಹತ್ತಿ ಇಳಿಯುವುದು ಎಷ್ಟು ಮೆಟ್ಟಿಲು, ಹಿಡಿಯಲು ಆಸರೆ ಎಲ್ಲಿದೆ, ನಡುವೆ ಕೂಡಲು ಜಾಗ ಇದೆಯೇ ಅಂತ ಸಿಸ್ಟರ್ ಕೇಳಿದ್ದಾರೆ. ಈ ಭಾನುವಾರ ಹೋಗಿ ಎಣಿಸಿಕೊಂಡು ಬರಬೇಕು.