ಆರ್21 ಅಥವಾ ಕೆ01: ಆರೋಗ್ಯ ಅಸಮಾನತೆಯ ಹೊಸ ಸಂಶೋಧಕರಿಗೆ ಯಾವುದು ಹೊಂದುತ್ತದೆ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯ ಅಸಮಾನತೆಯ ಅಧ್ಯಯನ ಆರಂಭಿಸುತ್ತಿರುವವರು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್‌ನ ಆರ್21 (ಹೊಸ ಆಲೋಚನೆಯನ್ನು ಪರೀಕ್ಷಿಸಲು ಕೊಡುವ ಅಲ್ಪಾವಧಿ ಸಂಶೋಧನಾ ಅನುದಾನ) ಮತ್ತು ಕೆ01 (ಮಾರ್ಗದರ್ಶಕರ ಜೊತೆ ಸಂಶೋಧನಾ ವೃತ್ತಿ ಬೆಳೆಸಿಕೊಳ್ಳಲು ಕೊಡುವ ಅನುದಾನ) ಇವುಗಳ ನಡುವೆ ಆರಿಸುವಾಗ ಮೊದಲು ವೀಸಾ ನೋಡಬೇಕು: ಕೆ01ಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು, ಎಚ್-1ಬಿಯಲ್ಲಿರುವ ಕನ್ನಡಿಗರಿಗೆ ಇವೆರಡರಲ್ಲಿ ಆರ್21 ಮಾತ್ರ ತೆರೆದಿದೆ. ಆರ್21 ಎರಡು ವರ್ಷಕ್ಕೆ ನೇರ ವೆಚ್ಚವಾಗಿ (ಸಂಶೋಧನೆಗೇ ತಗಲುವ ಖರ್ಚು) ಗರಿಷ್ಠ 2,75,000 ಡಾಲರ್ ಕೊಡುತ್ತದೆ. ದುಭಾಷಿಯ ಸಂಭಾವನೆ, ಅಧ್ಯಯನಕ್ಕೆ ಬರುವವರ ಬಸ್ ಖರ್ಚು ಇದರಲ್ಲಿ ನಿಭಾಯಿಸಬಹುದು, ಅರ್ಜಿಗೆ ಮುನ್ನವೇ ಸಂಗ್ರಹಿಸಿದ ಪ್ರಾಥಮಿಕ ದತ್ತಾಂಶವೂ ಕಡ್ಡಾಯವಲ್ಲ. ಕೆ01ರ ಬಲವಿರುವುದು ಸಮಯದಲ್ಲಿ: ಮಾರ್ಗದರ್ಶಕರೊಡನೆ ಮೂರರಿಂದ ಐದು ವರ್ಷ, ದುಡಿಮೆಯ ಕನಿಷ್ಠ ಶೇ 75ರಷ್ಟು ಸಂಶೋಧನೆ ಮತ್ತು ತರಬೇತಿಗೇ ಮೀಸಲು. ಸಮುದಾಯದ ವಿಶ್ವಾಸ ಎರಡು ವರ್ಷದಲ್ಲಿ ಕುದುರುವುದು ಕಷ್ಟವಾದ್ದರಿಂದ, ಬೋಧನೆಯ ಹೊರೆ ಹೊತ್ತವರಿಗೆ ಮತ್ತು ಹೊಸ ವಿಧಾನ ಕಲಿಯಬೇಕಾದವರಿಗೆ ಕೆ01 ಒಳ್ಳೆಯದು. ಸಮುದಾಯದೊಡನೆ ಒಡನಾಟ ಈಗಾಗಲೇ ಬೆಳೆದಿದ್ದು, ಒಂದೇ ಪ್ರಶ್ನೆಯನ್ನು ಪರೀಕ್ಷಿಸಬೇಕಾದವರು ಆರ್21ಕ್ಕೆ ಅರ್ಜಿ ಹಾಕಲಿ.